ಪಗಾರ, ಪಾಳಿ, ಕೊನೆಯ ಬಸ್ಸು

ಹೋದ ತಿಂಗಳು ಈ ಪುಟದಲ್ಲಿ ಕನಿಷ್ಠ ವೇತನದ ಬಗ್ಗೆ ನಾಲ್ಕು ಸಾಲು ಬರೆದು, ಪ್ರಶ್ನೆ ಇದ್ದರೆ ಕಳಿಸಿ ಎಂದಿದ್ದೆ. ಪಗಾರ ಎಷ್ಟಿರಬೇಕು ಅಂತ ಕೇಳುವ ಪತ್ರಗಳೇ ಬರುತ್ತವೆ ಅಂದುಕೊಂಡಿದ್ದೆ. ಆದರೆ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಹೊತ್ತಿನ ಮಾತು. ಎಷ್ಟು ಹೊತ್ತಿಗೆ ಹೋಗಬೇಕು, ಎಷ್ಟು ಹೊತ್ತಿಗೆ ಬಿಡುತ್ತಾರೆ, ರಜೆ ಯಾವತ್ತು, ಯಾವುದೂ ಗೊತ್ತಿರುವುದಿಲ್ಲ ಎಂಬ ಸಂಕಟ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿದ್ದೀರಿ, ಹಾಕಿಲ್ಲ. ಅಂಗಡಿ, ಏಜೆನ್ಸಿಗಳ ಹೆಸರನ್ನೂ ತೆಗೆದಿದ್ದೇನೆ.

ಪ್ರಶ್ನೆ: ಅಕ್ಕಾ, ನಾನು ಕಾರವಾರದಲ್ಲಿ ಒಂದು ಸೂಪರ್ ಮಾರ್ಕೆಟ್‌ನ ಬಿಲ್ಲಿಂಗ್ ಕೌಂಟರ್‌ನಲ್ಲಿದ್ದೇನೆ. ನಾಳೆ ಯಾವ ಪಾಳಿ ಅಂತ ಹಿಂದಿನ ರಾತ್ರಿ ಹತ್ತು ಗಂಟೆಗೆ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಹಾಕುತ್ತಾರೆ. ನಮ್ಮ ಮನೆ ಮಾಜಾಳಿ ಕಡೆ. ಮಧ್ಯಾಹ್ನದ ಪಾಳಿಯಾದರೆ ಬಿಡುವಾಗ ಒಂಬತ್ತೂವರೆ ಆಗುತ್ತದೆ, ಬಸ್ ತಪ್ಪಿದರೆ ರಿಕ್ಷಾ. ಮಗಳನ್ನು ಯಾರ ಹತ್ತಿರ ಬಿಡುವುದು ಅಂತ ದಿನಾ ರಾತ್ರಿ ಅತ್ತೆಯ ಮುಖ ನೋಡಬೇಕು. ಇದಕ್ಕೆ ಕಾನೂನು ಏನೂ ಇಲ್ವಾ? (ಕಾರವಾರ)

ಉತ್ತರ: ತಂಗಿ, ಇದೆ. ನೀವು ಕೇಳಿದ್ದೆಲ್ಲ ಅದರಲ್ಲಿಲ್ಲ, ಆದರೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಇದೆ.

ಕರ್ನಾಟಕದಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅಂತ 1961ರದ್ದು ಒಂದಿದೆ. ಅದರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಅದಕ್ಕಿಂತ ಮೇಲೆ ಮಾಡಿಸಿದರೆ ಓಟಿ, ಅಂದರೆ ಹೆಚ್ಚುವರಿ ಹೊತ್ತಿನ ಪಗಾರ, ಅದೂ ಎರಡು ಪಟ್ಟು ದರದಲ್ಲಿ. ಸತತ 5 ಗಂಟೆ ಕೆಲಸ ಮಾಡಿದ ಮೇಲೆ ಒಂದು ಗಂಟೆ ಬಿಡುವು. ವಾರಕ್ಕೆ ಒಂದು ಪೂರ್ತಿ ದಿನ ರಜೆ. ಕೆಲಸಕ್ಕೆ ಸೇರಿಸಿಕೊಂಡ ಮೇಲೆ ನೇಮಕಾತಿ ಪತ್ರ ಕೊಡಬೇಕು. ನಿಮಗೆ ಕೊಟ್ಟಿದ್ದಾರಾ? ನನಗೆ ಗೊತ್ತಿರುವ ಹತ್ತು ಹುಡುಗಿಯರಲ್ಲಿ ಒಬ್ಬಳ ಹತ್ತಿರವೂ ಆ ಕಾಗದ ಇಲ್ಲ.

ನಿಮಗೆ ಮುಖ್ಯವಾದದ್ದು ಇನ್ನೊಂದು. ರಾತ್ರಿ 8ರಿಂದ ಬೆಳಿಗ್ಗೆ 6ರವರೆಗೆ ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ ಅಂತ ಈ ಕಾಯ್ದೆಯಲ್ಲಿ ಮೊದಲು ಇತ್ತು. 2020ರಲ್ಲಿ ಅದನ್ನು ಸಡಿಲ ಮಾಡಿದರು, ಆದರೆ ಷರತ್ತು ಹಾಕಿ ಸಡಿಲ ಮಾಡಿದರು. ನಿಮ್ಮ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಬೇಕು, ಮನೆಯಿಂದ ಕೆಲಸಕ್ಕೆ ಕೆಲಸದಿಂದ ಮನೆಗೆ ವಾಹನದ ವ್ಯವಸ್ಥೆಯನ್ನು ಮಾಲಕರೇ ತಮ್ಮ ಖರ್ಚಿನಲ್ಲಿ ಮಾಡಬೇಕು. ಅಂದರೆ ಒಂಬತ್ತೂವರೆಗೆ ಬಿಟ್ಟು "ಇನ್ನು ನೀನುಂಟು ನಿನ್ನ ರಿಕ್ಷಾ ಉಂಟು" ಅನ್ನುವಂತಿಲ್ಲ. ಮೊದಲು ಕೇಳಬೇಕಾದದ್ದು ಇದನ್ನು.

ಪಾಳಿ ಪಟ್ಟಿಯನ್ನು ಎರಡು ವಾರ ಮೊದಲೇ ಕೊಡಬೇಕು ಎಂಬ ಮಾತು ಮಾತ್ರ ಈ ಕಾಯ್ದೆಯಲ್ಲಿ ಇಲ್ಲ. ಇರಬೇಕಿತ್ತು. ಪಗಾರ ಹತ್ತು ಸಾವಿರವೋ ಹದಿನೈದು ಸಾವಿರವೋ, ನಾಳೆ ನಾನು ಎಷ್ಟು ಹೊತ್ತಿಗೆ ಮನೆಯಲ್ಲಿರುತ್ತೇನೆ ಅಂತ ಗೊತ್ತಿಲ್ಲದ ಹೆಂಗಸು ಸಂಜೆ ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳಿ ನಾಲ್ಕು ಕಾಸು ಮಾಡಿಕೊಳ್ಳುವ ಹಾಗಿಲ್ಲ, ಹೊಲಿಗೆ ಒಪ್ಪಿಕೊಳ್ಳುವ ಹಾಗಿಲ್ಲ, ಸಂಘದ ಮೀಟಿಂಗಿಗೆ ಹೋಗುವ ಹಾಗಿಲ್ಲ, ಡಾಕ್ಟರ ಹತ್ತಿರ ಇಂಥ ದಿನ ಬರುತ್ತೇನೆ ಅಂತ ಹೇಳುವ ಹಾಗೂ ಇಲ್ಲ. ಒಂಬತ್ತು ಗಂಟೆಯ ಪಗಾರ ಕೊಟ್ಟು ಇಪ್ಪತ್ನಾಲ್ಕು ಗಂಟೆಯನ್ನೂ ಹಿಡಿದಿಟ್ಟುಕೊಂಡ ಹಾಗಾಯಿತು ಅಲ್ವಾ? ಅದಕ್ಕೇ ನಾನು ಎಲ್ಲ ಕಡೆ ಹೇಳುತ್ತಿರುವುದು, ಪಗಾರ ಕೇಳುವಾಗ ಪಾಳಿಯನ್ನೂ ಸೇರಿಸಿಯೇ ಕೇಳಿ, ಎರಡೂ ಒಂದೇ ಬೇಡಿಕೆ. ಮುಂದಿನ ವಾರದ ಪಟ್ಟಿ ಈ ವಾರದ ಗುರುವಾರವೇ ಗೋಡೆಗೆ ಅಂಟಿಸಿ ಅಂತ ಕೇಳುವುದಕ್ಕೆ ಯಾವ ಕಾನೂನೂ ಬೇಕಾಗಿಲ್ಲ. ಕೌಂಟರ್‌ನ ಎಲ್ಲರೂ ಒಟ್ಟಿಗೆ ಕೇಳಿ. ಮಾಲಕರಿಗೆ ಇದರಲ್ಲಿ ಒಂದು ರೂಪಾಯಿ ಖರ್ಚಿಲ್ಲ.

ಪ್ರಶ್ನೆ: ಸೆಕ್ಯುರಿಟಿ ಏಜೆನ್ಸಿಯಲ್ಲಿ ಇದ್ದೇನೆ. ದಿನಕ್ಕೆ 12 ಗಂಟೆ ಡ್ಯೂಟಿ. ಹಾಜರಿ ಪುಸ್ತಕದಲ್ಲಿ 8 ಗಂಟೆ ಅಂತ ಬರೆದು ಸಹಿ ಹಾಕಿಸುತ್ತಾರೆ. ಪಗಾರ ಬ್ಯಾಂಕಿಗೆ ಸರಿಯಾಗಿಯೇ ಬರುತ್ತದೆ, ಮರುದಿನ ಸೂಪರ್‌ವೈಸರ್ ಬಂದು ಅದರಲ್ಲಿ ಮೂರು ಸಾವಿರ ಕೈಯಲ್ಲಿ ವಾಪಸ್ ತೆಗೆದುಕೊಂಡು ಹೋಗುತ್ತಾನೆ. ಸಹಿ ನಾನೇ ಹಾಕಿದ ಮೇಲೆ ಏನು ಮಾಡಲಿಕ್ಕೆ ಬರುತ್ತದೆ? (ಕಾರವಾರ ತಾಲ್ಲೂಕು)

ಉತ್ತರ: ಅಣ್ಣಾ, ಮೊದಲು ಒಂದು ಲೆಕ್ಕ ಮಾಡೋಣ. ಪಾಳಿ 8 ಗಂಟೆಯದು ಅಂತ ಅವರೇ ಬರೆದಿದ್ದಾರೆ, ವಾರದ 48 ಗಂಟೆಯನ್ನು ಆರು ದಿನಕ್ಕೆ ಹಂಚಿದರೂ 8 ಗಂಟೆಯೇ. ನೀವು ಮಾಡುವುದು 12. ಉಳಿದ 4 ಗಂಟೆಗೆ ಎರಡು ಪಟ್ಟು ದರ. 4 ಗಂಟೆಯ ಎರಡು ಪಟ್ಟು ಅಂದರೆ 8 ಗಂಟೆ. ಅಂದರೆ 12 ಗಂಟೆ ನಿಂತ ಪ್ರತಿ ದಿನಕ್ಕೆ ನಿಮಗೆ ಎರಡು ದಿನದ ಪಗಾರ ಬರಬೇಕು. ತಿಂಗಳಿಗೆ 26 ದಿನ ಅಂತ ಹಿಡಿದರೆ 52 ದಿನದ ಪಗಾರ. ಬರುತ್ತಿರುವುದು 26 ದಿನದ್ದು, ಅದರಲ್ಲೂ ಮೂರು ಸಾವಿರ ವಾಪಸ್. ಈ ಲೆಕ್ಕವನ್ನು ನಿಮ್ಮ ಜೊತೆಯವರಿಗೆ ಒಂದು ಹಾಳೆಯ ಮೇಲೆ ಬರೆದು ತೋರಿಸಿ, ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಕಾನೂನಿನ ಮಾತು: 1948ರ ಕನಿಷ್ಠ ವೇತನ ಕಾಯ್ದೆಯ ಜಾಗಕ್ಕೆ ಈಗ 2019ರ ವೇತನ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿ. ಅದರಲ್ಲಿ ನಿಮಗೆ ಅನುಕೂಲವಾಗುವ ಸಂಗತಿಗಳಿವೆ. ಬಾಕಿ ಕೇಳುವುದಕ್ಕೆ ಹಳೆ ಕಾಯ್ದೆಯಲ್ಲಿ 6 ತಿಂಗಳಷ್ಟೇ ಅವಕಾಶ ಇತ್ತು, ಈಗ 3 ವರ್ಷ. ಪಗಾರ ಕೊಟ್ಟಿದ್ದೇವೆ ಅಂತ ಸಾಬೀತು ಮಾಡುವ ಹೊಣೆ ಕೊಟ್ಟವರ ಮೇಲೆ. ಅರ್ಜಿಯನ್ನು ನೀವೇ ಹಾಕಬೇಕು ಅಂತಿಲ್ಲ, ಯೂನಿಯನ್ ಕೂಡ ನಿಮ್ಮ ಪರವಾಗಿ ಹಾಕಬಹುದು. ಗುತ್ತಿಗೆದಾರ ಪಗಾರ ಕೊಡದೆ ಹೋದರೆ, ನೀವು ಯಾವ ಗೇಟಿನಲ್ಲಿ ನಿಲ್ಲುತ್ತೀರೋ ಆ ಸಂಸ್ಥೆಯೇ ಬಾಕಿಗೆ ಹೊಣೆ. ಏಜೆನ್ಸಿಯವರಿಗೆ ಕೇಳಿ ಅಂತ ಅವರು ಕೈ ತೊಳೆದುಕೊಳ್ಳುವಂತಿಲ್ಲ.

ಸಹಿಯ ವಿಷಯಕ್ಕೆ ಬರುತ್ತೇನೆ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯುತ್ತೇನೆ ಅಂತ ನೀವೇ ಬರೆದುಕೊಟ್ಟರೂ ಆ ಮಾತಿಗೆ ಬೆಲೆಯಿಲ್ಲ. 1982ರಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ತೀರ್ಪು ಕೊಟ್ಟಿತು. ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟುತ್ತಿದ್ದ ಕೂಲಿಗಳ ಪ್ರಕರಣ ಅದು, ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಬರೆದದ್ದು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಅಂತ ಅದರಲ್ಲಿ ಹೇಳಿದ್ದಾರೆ. ಹೊಟ್ಟೆಯ ಹಸಿವೂ ಒಂದು ಬಲವಂತವೇ ಅಂತ ಕೋರ್ಟ್ ಒಪ್ಪಿದ ತೀರ್ಪು ಅದು. ನಿಮ್ಮ ಸಹಿ ಎಂಥ ಹೊತ್ತಿನಲ್ಲಿ ಬಿದ್ದಿದೆ ಅಂತ ಆ ಕೋರ್ಟಿಗೆ ಅರ್ಥವಾಗಿತ್ತು.

ಈಗಲೇ ಮಾಡಬೇಕಾದದ್ದು: ನಿಮ್ಮದೇ ಒಂದು ಪುಸ್ತಕ ಇಟ್ಟುಕೊಳ್ಳಿ. ಏನು ಬರೆಯಬೇಕು ಅಂತ ಕೊನೆಯ ಉತ್ತರದಲ್ಲಿ ಹೇಳಿದ್ದೇನೆ.

ಪ್ರಶ್ನೆ: ಗೋಕರ್ಣದ ಹೋಟೆಲಿನಲ್ಲಿ ಸಪ್ಲೈಯರ್. ಬೆಳಿಗ್ಗೆ 7ರಿಂದ 11, ಮತ್ತೆ ಸಂಜೆ 6ರಿಂದ 11. ಒಟ್ಟು 9 ಗಂಟೆಯೇ ಅಲ್ವಾ ಅನ್ನುತ್ತಾರೆ ಮಾಲಕರು. ಸರಿಯಾ?

ಉತ್ತರ: ಸರಿಯಲ್ಲ. ಹೋಟೆಲೂ ಆ 1961ರ ಕಾಯ್ದೆಯ ಕೆಳಗೇ ಬರುತ್ತದೆ. ಕೆಲಸದ ಗಂಟೆ, ನಡುವಿನ ಬಿಡುವು ಎಲ್ಲ ಸೇರಿ ದಿನದ ಹರಹು 12 ಗಂಟೆ ದಾಟಬಾರದು. ನಿಮ್ಮದು 16 ಗಂಟೆಯಾಯಿತು. ನಡುವೆ ಬಿಟ್ಟ ಏಳು ಗಂಟೆಯಲ್ಲಿ ಊರಿಗೆ ಹೋಗಿ ಬರಲಿಕ್ಕಾಗುತ್ತದಾ? ಹೋಟೆಲಿನ ಹಿಂದಿನ ರೂಮಿನಲ್ಲೇ ಮಲಗಿರುತ್ತೀರಿ, ಗಿರಾಕಿ ಬಂದರೆ ಕರೆಯುತ್ತಾರೆ.

ಪ್ರಶ್ನೆ: ಶಿರಸಿಯಲ್ಲಿ ಬಟ್ಟೆ ಅಂಗಡಿ. ಇಡೀ ದಿನ ನಿಂತೇ ಇರಬೇಕು, ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ. ಸಂಜೆಯಾಗುವಾಗ ಕಾಲು ಬಾತುಕೊಳ್ಳುತ್ತದೆ. ಇದನ್ನೂ ಕೇಳಬಹುದಾ? ಸಣ್ಣ ವಿಷಯ ಅಂತ ನಗುತ್ತಾರೇನೋ.

ಉತ್ತರ: ಸಣ್ಣ ವಿಷಯ ಅಲ್ಲ ತಂಗಿ. ನಾನೂ ಆರು ವರ್ಷ ಸೀರೆ ಅಂಗಡಿಯಲ್ಲಿ ನಿಂತವಳು. ಅಲ್ಲಿ ಸ್ಟೂಲ್ ಇತ್ತು, ಆದರೆ ಅದು ಮೇಲಿನ ಕಪಾಟಿನಿಂದ ಸೀರೆ ತೆಗೆಯಲಿಕ್ಕೆ. ಕೂತರೆ ಗಲ್ಲಾದಿಂದ ಹೆಸರು ಹಿಡಿದು ಕೂಗು ಬರುತ್ತಿತ್ತು. ನಾವು ಒಂದು ಉಪಾಯ ಮಾಡುತ್ತಿದ್ದೆವು. ಕೌಂಟರ್ ಕೆಳಗಿನ ಖಾನೆಯಲ್ಲಿ ಬ್ಲೌಸ್ ಪೀಸ್ ಇಡುತ್ತಿದ್ದರು, ಅದನ್ನು ಸರಿ ಮಾಡುವ ನೆವದಲ್ಲಿ ಮೊಣಕಾಲೂರಿ ಎರಡು ನಿಮಿಷ ಕೂರುವುದು. ಒಂದೇ ಕಟ್ಟನ್ನು ಬಿಚ್ಚಿ ಮಡಚುವುದು, ಮತ್ತೆ ಬಿಚ್ಚಿ ಮಡಚುವುದು. ಒಬ್ಬಳು ಕೂತಾಗ ಇನ್ನೊಬ್ಬಳು ಅಡ್ಡ ನಿಲ್ಲುತ್ತಿದ್ದಳು. ತಿಂಗಳ ಮುಟ್ಟಿನ ದಿನಗಳಲ್ಲಿ ಯಾರಿಗೆ ಆ ಖಾನೆ ಅಂತ ನಮ್ಮೊಳಗೇ ಒಂದು ಪಾಳಿ ಇತ್ತು. ಸಂಜೆ ಚಪ್ಪಲಿ ಹಾಕಲಿಕ್ಕೆ ಹೋದರೆ ಪಟ್ಟಿಯೊಳಗೆ ಕಾಲು ತೂರುತ್ತಿರಲಿಲ್ಲ, ಕೈಯಲ್ಲಿ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದದ್ದಿದೆ.

ಇದೇ ಪಡುಗಡಲ ದಂಡೆಯಲ್ಲಿ, ರೈಲು ಹತ್ತಿದರೆ ತೆಂಕಣಕ್ಕೆ ಒಂದು ರಾತ್ರಿಯ ದಾರಿ, ಕೋಳಿಕ್ಕೋಡ್ ಇದೆ. ಅಲ್ಲಿಯ ಬಟ್ಟೆ ಅಂಗಡಿಗಳ ಹೆಂಗಸರು ಇದೇ ಮಾತನ್ನು ಎತ್ತಿದರು. ವಿಜಿ ಎಂಬ ಟೈಲರ್ ಮುಂದೆ ನಿಂತು ಅವರ ಸಂಘಟನೆ ಕಟ್ಟಿದರು. ಮೊದಲು ಕೇಳಿದ್ದು ಮೂತ್ರಕ್ಕೆ ಹೋಗಲಿಕ್ಕೆ ಜಾಗ, ಆಮೇಲೆ ಕೂರುವ ಹಕ್ಕು. ವರ್ಷಗಟ್ಟಲೆ ಹಿಡಿಯಿತು. 2018ರಲ್ಲಿ ಕೇರಳ ಸರ್ಕಾರ ಅಂಗಡಿ ಕಾಯ್ದೆ ತಿದ್ದಿ, ಕೂರಲಿಕ್ಕೆ ಆಸನ ಕೊಡಲೇಬೇಕು ಅಂತ ಮಾಡಿತು. 2021ರಲ್ಲಿ ತಮಿಳುನಾಡೂ ಮಾಡಿತು. ಅವರನ್ನೂ ಮೊದಲು ನಕ್ಕೇ ಕಳಿಸಿದ್ದರು. ನೀವು ಕೇಳಿ. ಪಗಾರದ ಅರ್ಜಿಯಲ್ಲೇ ಒಂದು ಸಾಲು ಸೇರಿಸಿ: ಗಿರಾಕಿ ಇಲ್ಲದಾಗ ಕೂರಲು ಸ್ಟೂಲ್ ಬೇಕು.

ಪ್ರಶ್ನೆ: ತೋಟದ ಕೆಲಸಕ್ಕೆ ನನ್ನ ಗಂಡನಿಗೂ ನನಗೂ ಒಂದೇ ಹೊತ್ತು, ಒಂದೇ ಕೆಲಸ, ಕೂಲಿ ಮಾತ್ರ ನನಗೆ ಕಡಿಮೆ. (ಸಿದ್ದಾಪುರ)

ಉತ್ತರ: ತಪ್ಪು. 1976ರಿಂದಲೂ ಕಾನೂನಿನಲ್ಲಿ ತಪ್ಪು, ಹೊಸ ಸಂಹಿತೆಯಲ್ಲೂ ತಪ್ಪು. ಒಂದೇ ಕೆಲಸಕ್ಕೆ ಒಂದೇ ಕೂಲಿ. ಇಡೀ ಊರಿನ ರೂಢಿ ಹಾಗಿದೆ ಅನ್ನುತ್ತಾರೆ, ರೂಢಿ ಇದ್ದ ಮಾತ್ರಕ್ಕೆ ಸರಿಯಾಗುವುದಿಲ್ಲ. ಮುಂದಿನ ಕೊಯ್ಲಿಗೆ ಕರೆಯಲು ಬಂದಾಗ, ಕೆಲಸ ಶುರುವಾಗುವ ಮೊದಲೇ, ಹೆಂಗಸರೆಲ್ಲ ಸೇರಿ ದರ ಹೇಳಿ. ಕೊಯ್ಲಿನ ಹೊತ್ತಿನಲ್ಲಿ ನಿಮ್ಮ ಮಾತಿಗೆ ತೂಕ ಜಾಸ್ತಿ.

ಪ್ರಶ್ನೆ: ನೀವು ಬರೀ ಕೆಲಸದವರ ಪರ ಬರೆಯುತ್ತೀರಿ. ನನ್ನದು ಶಿರಸಿಯಲ್ಲಿ ಸಣ್ಣ ಅಂಗಡಿ, ಇಬ್ಬರು ಹುಡುಗರು. ಆನ್‌ಲೈನ್ ಬಂದ ಮೇಲೆ ವ್ಯಾಪಾರ ಅರ್ಧ ಆಗಿದೆ. ಸರ್ಕಾರ ಹೇಳಿದಷ್ಟು ಕೊಟ್ಟರೆ ನಾನೇ ಬಾಗಿಲು ಹಾಕಬೇಕು. ನಮ್ಮ ಕಷ್ಟ ಯಾರಿಗೆ ಹೇಳುವುದು?

ಉತ್ತರ: ನೀವು ಬರೆದದ್ದು ಒಳ್ಳೆಯದಾಯಿತು. ನಿಮ್ಮ ಕಷ್ಟ ಸುಳ್ಳಲ್ಲ. ಆದರೆ ಕೋರ್ಟುಗಳು ಈ ವಿಷಯದಲ್ಲಿ 1950ರ ದಶಕದಿಂದಲೂ ಒಂದೇ ಮಾತು ಹೇಳಿವೆ: ಕೊಡುವ ಶಕ್ತಿ ಇಲ್ಲ ಎಂಬ ಕಾರಣಕ್ಕೆ ಕನಿಷ್ಠ ವೇತನ ಕಡಿಮೆ ಮಾಡುವಂತಿಲ್ಲ. ಅದು ಕನಿಷ್ಠ, ಅದರ ಕೆಳಗೆ ಇಳಿಯಲಿಕ್ಕೆ ಮೆಟ್ಟಿಲಿಲ್ಲ.

ಆ ಕನಿಷ್ಠದಲ್ಲಿ ಏನಿದೆ ಅಂತ ಒಮ್ಮೆ ನೋಡಿ. 1957ರಲ್ಲಿ ಭಾರತೀಯ ಕಾರ್ಮಿಕ ಸಮ್ಮೇಳನ ಲೆಕ್ಕ ಹಾಕಿದ್ದು ಹೀಗೆ: ಮನೆಯಲ್ಲಿ ಒಬ್ಬ ದೊಡ್ಡವರಿಗೆ ದಿನಕ್ಕೆ 2,700 ಕ್ಯಾಲೊರಿಯಂತೆ ಊಟ, ಮನೆಯವರೆಲ್ಲ ಸೇರಿ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇದರ ಮೇಲೆ ಉರುವಲು ದೀಪ ಇತ್ಯಾದಿಗೆ ನೂರಕ್ಕೆ 20. ಮಕ್ಕಳ ಓದು, ಔಷಧ, ಹಬ್ಬ, ಮದುವೆಗೆ ಅಂತ ನೂರಕ್ಕೆ 25 ಸೇರಿಸಬೇಕು ಎಂದು ಸುಪ್ರೀಂ ಕೋರ್ಟ್ ಮುಂದೆ ಹೇಳಿತು. ಇದರಲ್ಲಿ ಬೈಕಿನ ಕಂತಿಲ್ಲ. ನಿಮ್ಮ ಹುಡುಗರಲ್ಲಿ ಒಬ್ಬ ಜ್ವರ ಬಂದು ಮಲಗಿದರೆ ಆ ತಿಂಗಳು ಸಾಲ. ಆ ಸಾಲ ನಿಮ್ಮ ಹತ್ತಿರವೇ ಕೇಳುತ್ತಾನೆ, ಮುಂಗಡ ಅಂತ ಕೊಡುತ್ತೀರಿ, ಆಮೇಲೆ ಪಗಾರದಲ್ಲಿ ಹಿಡಿಯುತ್ತೀರಿ. ಇದು ನಿಮಗೂ ಗೊತ್ತಿರುವ ಸುತ್ತು.

ಹಣ ಒಂದೇ ಸಲ ಏರಿಸಲಿಕ್ಕೆ ಆಗದಿದ್ದರೆ ಅವರನ್ನು ಕೂರಿಸಿಕೊಂಡು ಲೆಕ್ಕ ತೆರೆದು ಮಾತಾಡಿ. ಹೊತ್ತನ್ನು ಮಾತ್ರ ಇವತ್ತೇ ಸರಿ ಮಾಡಬಹುದು. ಇಬ್ಬರಿಗೂ ವಾರದ ರಜೆ ನಿಗದಿ ಮಾಡಿ, ಸಂಜೆ ಇಷ್ಟು ಗಂಟೆಗೆ ಬಿಡುತ್ತೇನೆ ಅಂತ ಹೇಳಿ, ಹೇಳಿದ ಮಾತಿನಂತೆ ಬಿಡಿ. ಹಾಗಂತ ಪಗಾರದ ಬಾಕಿ ಮನ್ನಾ ಆಗುವುದಿಲ್ಲ, ಅದು ನಿಮ್ಮ ತಲೆಯ ಮೇಲೆ ಇದ್ದೇ ಇರುತ್ತದೆ. ಆನ್‌ಲೈನ್ ಕಂಪನಿಗಳ ವಿಷಯಕ್ಕೆ ನಿಮ್ಮ ಸಿಟ್ಟು ನನಗೂ ಇದೆ. ಅವರ ಪಾರ್ಸೆಲ್ ಹೊರುವ ಹುಡುಗರಿಗೆ ಪಗಾರವೇ ಇಲ್ಲ, ಒಂದು ಡೆಲಿವರಿಗೆ ಇಷ್ಟು ಅಂತ. ಅವರಲ್ಲಿ ಹಲವರಿಗೆ ಅನ್ವಯವಾಗುವ ಗಿಗ್ ಕಾರ್ಮಿಕರ ಕಾಯ್ದೆಯನ್ನು ಕರ್ನಾಟಕ 2025ರಲ್ಲಿ ತಂದಿದೆ. ಅಲ್ಲಿ ದರ ಏರಿದರೆ ನಿಮ್ಮ ಅಂಗಡಿಗೂ ಉಸಿರು ಬರುತ್ತದೆ. ಈ ಹೋರಾಟದಲ್ಲಿ ನೀವು ನಮ್ಮ ಎದುರು ನಿಲ್ಲಬೇಕಾಗಿಲ್ಲ.

ಪ್ರಶ್ನೆ: ನಾನು ಕುಮಟಾದಲ್ಲಿ ಬಿ.ಎ. ಓದುತ್ತಿದ್ದೇನೆ. ಅಮೆರಿಕದಲ್ಲಿ ಗಂಟೆಗೆ 15 ಡಾಲರ್ ಚಳವಳಿ ಬಗ್ಗೆ ಪ್ರಬಂಧ ಬರೆಯಬೇಕು. ಅಲ್ಲಿಯದು ನಮಗೆ ಏನಾದರೂ ಉಪಯೋಗಕ್ಕೆ ಬರುತ್ತದಾ?

ಉತ್ತರ: ಬರುತ್ತದೆ. ಅದು ಶುರುವಾದದ್ದು 2012ರ ನವೆಂಬರ್‌ನಲ್ಲಿ, ನ್ಯೂಯಾರ್ಕಿನಲ್ಲಿ. ಬರ್ಗರ್ ಅಂಗಡಿಗಳ ಸುಮಾರು ಇನ್ನೂರು ಕೆಲಸಗಾರರು ಒಂದು ದಿನ ಕೆಲಸ ಬಿಟ್ಟು ರಸ್ತೆಗೆ ಬಂದರು. ಆಗ ಆ ದೇಶದ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. 2009ರಲ್ಲಿ ನಿಗದಿಯಾದ ಆ ದರವನ್ನು ಅಲ್ಲಿಯ ಕೇಂದ್ರ ಸರ್ಕಾರ ಆಮೇಲೆ ಏರಿಸಲೇ ಇಲ್ಲ. ಆದರೆ ಹಲವು ರಾಜ್ಯಗಳು, ನಗರಗಳು ಒಂದೊಂದಾಗಿ 15ಕ್ಕೆ ಬಂದವು. ನಮ್ಮಲ್ಲೂ ಹಾಗೇ ಇದೆ ನೋಡಿ: ಕೇಂದ್ರ ಸರ್ಕಾರ ದೇಶಕ್ಕೆಲ್ಲ ಒಂದು ತಳಮಟ್ಟದ ಕೂಲಿ ಅಂತ 2017ರಲ್ಲಿ ದಿನಕ್ಕೆ 176 ರೂಪಾಯಿ ಮಾಡಿತು, ಆಮೇಲೆ ವರ್ಷಗಟ್ಟಲೆ ಅದು ಹೆಚ್ಚೇನೂ ಏರಲಿಲ್ಲ, ರಾಜ್ಯದ ದರಕ್ಕಾಗಿಯೇ ಇಲ್ಲಿ ಹೋರಾಟ ನಡೆದದ್ದು.

ನನಗೆ ಅದಕ್ಕಿಂತ ಇಷ್ಟವಾದದ್ದು ಪಾಳಿಯ ಕಾನೂನುಗಳು. ಬರೀ ಗಂಟೆಯ ದರ ಏರಿಸಿದರೆ ಮಾಲಕರು ಗಂಟೆಗಳನ್ನೇ ಕಡಿಮೆ ಮಾಡುತ್ತಾರೆ, ಕೊನೆ ಗಳಿಗೆಯಲ್ಲಿ ಬರಬೇಡ ಅನ್ನುತ್ತಾರೆ ಅಂತ ಅಲ್ಲಿಯವರು ಕಂಡುಕೊಂಡರು. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, 2016ರಲ್ಲಿ ಸಿಯಾಟಲ್, 2017ರಲ್ಲಿ ನ್ಯೂಯಾರ್ಕ್ ನಗರಗಳು ದೊಡ್ಡ ಕಂಪನಿಗಳಿಗೆ ಪಾಳಿಯನ್ನು ಮೊದಲೇ ತಿಳಿಸಬೇಕು ಅಂತ ಕಾನೂನು ತಂದವು. ಇಡೀ ರಾಜ್ಯಕ್ಕೆ ಮಾಡಿದ ಮೊದಲ ರಾಜ್ಯ ಆರೆಗನ್. ಅಲ್ಲಿ 500ಕ್ಕಿಂತ ಕಡಿಮೆಯಿಲ್ಲದ ಕೆಲಸಗಾರರಿರುವ ಅಂಗಡಿ, ಹೋಟೆಲ್ ಕಂಪನಿಗಳು 14 ದಿನ ಮೊದಲೇ ಪಟ್ಟಿ ಕೊಡಬೇಕು, ಆಮೇಲೆ ಬದಲಿಸಿದರೆ ಅದಕ್ಕೆ ಹೆಚ್ಚಿನ ಹಣ ಕೊಡಬೇಕು. ಈ ಪುಟದ ಮೊದಲ ಪ್ರಶ್ನೆಯ ಪಕ್ಕದಲ್ಲಿ ಇದನ್ನಿಟ್ಟು ನಿಮ್ಮ ಪ್ರಬಂಧ ಬರೆಯಿರಿ.

ಹಾಗೇ ನಮ್ಮ ಜಿಲ್ಲೆಯನ್ನು ಬಿಡಬೇಡಿ. ದಿನಕರ ದೇಸಾಯಿಯವರ ಚುಟುಕ ನಿಮಗೆ ಪಾಠಕ್ಕೆ ಇದ್ದಿರಬಹುದು. ಅವರು ಇದೇ ಕರಾವಳಿಯ ಗೇಣಿದಾರರನ್ನು ಊರೂರು ತಿರುಗಿ ಸೇರಿಸಿ ರೈತ ಚಳವಳಿ ಕಟ್ಟಿದವರು, ಮುಂಬೈಯಲ್ಲಿ ಹಡಗು ಕಾರ್ಮಿಕರ ಯೂನಿಯನ್ನಿನಲ್ಲಿ ದುಡಿದವರು. ಅವರು ಕಟ್ಟಿದ ಗೇಣಿದಾರರ ಮೊಮ್ಮಕ್ಕಳೇ ಇವತ್ತು ಹೈವೇ ಬದಿಯ ಹೋಟೆಲುಗಳಲ್ಲಿ ಪಾಳಿಗೆ ಕಾಯುತ್ತಿದ್ದಾರೆ.

ಪ್ರಶ್ನೆ: ಎಲ್ಲ ಸರಿ ಅಕ್ಕಾ, ಒಬ್ಬಳೇ ಕೇಳಿದರೆ ನಾಳೆಯಿಂದ ಬರಬೇಡ ಅನ್ನುತ್ತಾರೆ. ಹೇಗೆ ಶುರು ಮಾಡುವುದು? (ಹೊನ್ನಾವರ)

ಉತ್ತರ: ಒಬ್ಬಳೇ ಕೇಳಬೇಡಿ. ನಾನು ಒಬ್ಬಳೇ ಕೇಳಿದೆ. ಒಂದು ಏಪ್ರಿಲ್‌ನಲ್ಲಿ, ತುಟ್ಟಿಭತ್ಯೆ ಸೇರಿ ದರ ಏರಿದ ತಿಂಗಳು, ಗಲ್ಲಾದ ಮುಂದೆ ನಿಂತು ಕೇಳಿದೆ. ತಿಂಗಳೊಳಗೆ ಕೆಲಸ ಹೋಯಿತು. ಉಳಿದ ಹುಡುಗಿಯರು ಸೀರೆ ಮಡಚುತ್ತಾ ತಲೆ ತಗ್ಗಿಸಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ನಾನು ಅವರನ್ನು ಮೊದಲು ಕೇಳಿರಲೇ ಇಲ್ಲ.

ಹಾಗಾಗಿ ಮೊದಲು ಜೊತೆಯವರನ್ನು ಕೇಳಿ. ಅಂಗಡಿಯ ಒಳಗೆ ಬೇಡ, ಗ್ರೂಪಿನಲ್ಲೂ ಬೇಡ, ಅದರಲ್ಲಿ ಮ್ಯಾನೇಜರ್ ಇರುತ್ತಾರೆ. ಬಸ್ಸಿಗೆ ಕಾಯುವಾಗ, ಯಾರದ್ದಾದರೂ ಮನೆಯಲ್ಲಿ ಚಾ ಕುಡಿಯುವಾಗ. ಏಳು ಜನ ಸೇರಿದರೆ ಯೂನಿಯನ್ ನೋಂದಣಿಗೆ ಅರ್ಜಿ ಹಾಕಬಹುದು, ಒಂದೇ ಅಂಗಡಿಯವರೇ ಆಗಬೇಕು ಅಂತಿಲ್ಲ, ಪೇಟೆಯ ಬೇರೆ ಬೇರೆ ಅಂಗಡಿಯವರೂ ಸೇರಬಹುದು. ಅಷ್ಟು ದೂರ ಹೋಗುವ ಮೊದಲು ಒಂದು ಅರ್ಜಿ ಸಾಕು. ಒಂದು ಹಾಳೆ, ಎಲ್ಲರ ಸಹಿ. ಸಹಿಯನ್ನು ಸಾಲಾಗಿ ಹಾಕಬೇಡಿ, ದುಂಡಗೆ ಹಾಕಿ, ಮೊದಲು ಯಾರು ಹಾಕಿದ್ದು ಅಂತ ಗೊತ್ತಾಗಬಾರದು. ಒಂದು ಪ್ರತಿ ಮಾಲಕರಿಗೆ, ಒಂದು ಪ್ರತಿ ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ. ಕೊಟ್ಟ ಕಡೆಯೆಲ್ಲ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಸೀಲು ಹಾಕುವುದಿಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ಆ ಚೀಟಿ ಇಟ್ಟುಕೊಳ್ಳಿ. ಕೆಲಸದಿಂದ ತೆಗೆಯುವ ಭಯ ಆಗಲೂ ಇರುತ್ತದೆ, ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಒಬ್ಬಳನ್ನು ತೆಗೆದಷ್ಟು ಸುಲಭವಾಗಿ ಒಂಬತ್ತು ಜನರನ್ನು ಚೌತಿ ಹಬ್ಬದ ವ್ಯಾಪಾರದ ವಾರದಲ್ಲಿ ತೆಗೆಯಲಿಕ್ಕಾಗುವುದಿಲ್ಲ.

ಪುಸ್ತಕದ ವಿಷಯ. ಹತ್ತು ರೂಪಾಯಿಯ ನೋಟ್‌ಬುಕ್ ಸಾಕು. ದಿನಾ ಮಲಗುವ ಮೊದಲು ನಾಲ್ಕು ಸಾಲು: ತಾರೀಕು, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಊಟಕ್ಕೆ ಬಿಟ್ಟದ್ದು ಎಷ್ಟು ನಿಮಿಷ. ಪಗಾರ ಬಂದ ದಿನ ಎಷ್ಟು ಬಂತು, ಏನು ಹಿಡಿದರು, ಯಾರ ಕೈಗೆ ಎಷ್ಟು ವಾಪಸ್ ಹೋಯಿತು. ಆ ದಿನವೇ ಬರೆಯಿರಿ, ತಿಂಗಳ ಕೊನೆಗೆ ನೆನಪು ಮಾಡಿ ಬರೆದರೆ ಬೆಲೆ ಕಡಿಮೆ. ಪಾಳಿ ಹಾಕಿದ ಮೆಸೇಜು ಅಳಿಸಬೇಡಿ, ಫೋಟೋ ತೆಗೆದು ತಂಗಿಯ ಫೋನಿಗೂ ಕಳಿಸಿಡಿ. ರಾತ್ರಿ ಬರುವಾಗ ಬಸ್ ಟಿಕೆಟ್ ಇರುತ್ತದಲ್ಲ, ಅದನ್ನೂ ಆ ದಿನದ ಪುಟಕ್ಕೆ ಅಂಟಿಸಿ. ಅದರ ಮೇಲೆ ಹೊತ್ತು ಅಚ್ಚಾಗಿರುತ್ತದೆ.